ಬೆಲೆ ಏರಿದ ಜಾಗ ಯಾರದು: ಕ್ಲೀವ್‌ಲ್ಯಾಂಡಿನ ಬಸ್ಸು, ಕುಶಾಲನಗರದ ರೈಲು

ಮೈಸೂರಿನಿಂದ ಕುಶಾಲನಗರಕ್ಕೆ ರೈಲು ಬರುತ್ತದೆ ಎಂಬ ಮಾತು ಇನ್ನೂ ಸರ್ವೆ ಕಾಗದದ ಮೇಲಿರುವಾಗಲೇ ಕೊಪ್ಪ ಸೇತುವೆಯ ಆಚೀಚೆ ಸೈಟು ಮಾರುವವರ ಬಾಯಲ್ಲಿ ‘ಸ್ಟೇಷನ್ನಿಗೆ ಹತ್ತಿರ’ ಎಂಬುದು ಹಳೆಯ ಮಾತಾಗಿದೆ. ಸ್ಟೇಷನ್ ಎಲ್ಲಿ ಎಂದು ಕೇಳಿದರೆ ಅಂದಾಜಿನ ಮೇಲೆ ಕೈ ಯಾವುದೋ ಒಂದು ದಿಕ್ಕಿಗೆ ಚಾಚುತ್ತದೆ. ಹೇಳುವ ಬೆಲೆಯಲ್ಲಿ ಮಾತ್ರ ಅಂದಾಜಿನ ಸುಳಿವೇ ಇರುವುದಿಲ್ಲ. ಸುಮಾರು 87 ಕಿಲೋಮೀಟರಿನ ಈ ಮಾರ್ಗ, ರೈಲುಹಳಿಯೇ ಇಲ್ಲದ ಜಿಲ್ಲೆಯ ಅನೇಕರಿಗೆ ದೊಡ್ಡ ಆಸೆ; ಕಾಡು, ತೋಟ, ಹೊಳೆಗಳ ಚಿಂತೆ ಇರುವವರಿಗೆ ಅಷ್ಟೇ ದೊಡ್ಡ ಆತಂಕ. ಈ ಎರಡೂ ಕಡೆಯವರು ಎತ್ತದ ಪ್ರಶ್ನೆಯೊಂದಿದೆ. ಸಾರ್ವಜನಿಕರ ದುಡ್ಡಿನಿಂದ ಸಾರಿಗೆ ಬಂದಾಗ, ಅದು ಬಂತೆಂಬ ಒಂದೇ ಕಾರಣಕ್ಕೆ ಪಕ್ಕದ ಜಾಗಕ್ಕೆ ಏರುವ ಬೆಲೆ ಯಾರಿಗೆ ಸೇರಬೇಕು? ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಗಳ ಮನೆಯಲ್ಲಿ ಕೆಲಕಾಲ ಇದ್ದಾಗ, ಸುಮಾರು ನೂರು ವರ್ಷಗಳ ಅಂತರದಲ್ಲಿ ಒಂದೇ ಊರು ಈ ಪ್ರಶ್ನೆಗೆ ಕೊಟ್ಟ ಎರಡು ಉತ್ತರಗಳನ್ನು ನೋಡುವ ಅವಕಾಶ ನನಗೆ ಸಿಕ್ಕಿತು.

ಈರಿ ಸರೋವರದ ದಂಡೆಯ ಈ ನಗರ ನ್ಯೂಯಾರ್ಕ್, ಷಿಕಾಗೊಗಳ ಸಾಲಿನದಲ್ಲ. ಆದರೆ ಒಂದು ಕಾಲಕ್ಕೆ ಉಕ್ಕು, ಎಣ್ಣೆ, ಯಂತ್ರಗಳ ದೊಡ್ಡ ಊರಾಗಿತ್ತು. 1950ರ ಜನಗಣತಿಯಲ್ಲಿ ಇಲ್ಲಿ 9,14,808 ಜನರಿದ್ದರು, 2020ರಲ್ಲಿ ಉಳಿದವರು 3,72,624. ನಡುವೆ ಕರಗಿಹೋದ ಐದೂ ಕಾಲು ಲಕ್ಷ ದಾಟಿದ ಈ ಸಂಖ್ಯೆಯನ್ನು ಕಲ್ಪಿಸಿಕೊಳ್ಳಲು ನಮಗೆ ಸುಲಭದ ಅಳತೆಯಿದೆ: 2011ರ ಜನಗಣತಿಯ ಪ್ರಕಾರ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519. ಹೆಚ್ಚುಕಡಿಮೆ ಒಂದು ಕೊಡಗಿನಷ್ಟು ಜನರನ್ನು ಆ ಊರು ಕಳೆದುಕೊಂಡಿತು. ಕಾರ್ಖಾನೆಗಳು ಮುಚ್ಚಿದವು, ಹೆದ್ದಾರಿಗಳು ಉಪನಗರಗಳ ದಾರಿ ತೋರಿಸಿದವು, ಬಿಳಿಯರು ಹೊರಟರು, 1966ರಲ್ಲಿ ಹಫ್ ಬಡಾವಣೆಯಲ್ಲಿ ಗಲಭೆಯಾಯಿತು, 1969ರಲ್ಲಿ ಕಯಹೋಗಾ ನದಿಯ ಮೇಲಿನ ಎಣ್ಣೆಗೆ ಬೆಂಕಿ ಹತ್ತಿ ದೇಶವೇ ನಗುವಂತಾಯಿತು, 1978ರ ಡಿಸೆಂಬರಿನಲ್ಲಿ ನಗರಾಡಳಿತ ಬ್ಯಾಂಕುಗಳ ಸಾಲ ತೀರಿಸಲಾಗದೆ ಕೈಚೆಲ್ಲಿತು. ನಗರ ಪುನರಭಿವೃದ್ಧಿ ಎಂಬುದು ಅಲ್ಲಿ ಚಂದ ಮಾಡುವ ಕೆಲಸವಲ್ಲ, ಬದುಕಿಸಿಕೊಳ್ಳುವ ಕೆಲಸ.

ಊರಿನ ಮಧ್ಯದ ಪಬ್ಲಿಕ್ ಸ್ಕ್ವೇರ್ ಎಂಬ ಚೌಕದಿಂದ ಪೂರ್ವಕ್ಕೆ ಹೊರಡುವ ಯೂಕ್ಲಿಡ್ ಅವೆನ್ಯೂ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೋಟ್ಯಧಿಪತಿಗಳ ಬೀದಿಯಾಗಿತ್ತು. ಎಣ್ಣೆಯ ದೊರೆ ಜಾನ್ ಡಿ. ರಾಕ್‌ಫೆಲರ್ ಮನೆ ಮಾಡಿದ್ದೂ ಇಲ್ಲಿಯೇ. ಆಮೇಲೆ ಬಂಗಲೆಗಳು ಅಂಗಡಿಗಳಾದವು, ಅಂಗಡಿಗಳು ಖಾಲಿಯಾದವು, ಖಾಲಿಯಾದವು ಕಾರು ನಿಲ್ಲಿಸುವ ಬಯಲುಗಳಾದವು. ಆದರೂ ಆ ಬೀದಿಯ ಒಂದು ತುದಿಯಲ್ಲಿ ಕಚೇರಿಗಳು ಮತ್ತು ರಂಗಮಂದಿರಗಳು, ಇನ್ನೊಂದು ಕಡೆ ಕ್ಲೀವ್‌ಲ್ಯಾಂಡ್ ಕ್ಲಿನಿಕ್, ವಿಶ್ವವಿದ್ಯಾಲಯ, ವಸ್ತುಸಂಗ್ರಹಾಲಯಗಳು ಉಳಿದುಕೊಂಡಿದ್ದವು. ಈ ಎರಡು ಕೇಂದ್ರಗಳನ್ನು ರೈಲಿನಿಂದ ಜೋಡಿಸಬೇಕೆಂದು 1980ರ ದಶಕದಿಂದ ಚರ್ಚೆ ನಡೆದು, ಖರ್ಚು ಕೈಗೆಟುಕದೆಂದು ಗೊತ್ತಾದ ಮೇಲೆ ಬಸ್ಸಿಗೇ ರೈಲಿನ ಮರ್ಯಾದೆ ಕೊಡುವ ತೀರ್ಮಾನವಾಯಿತು. ಸುಮಾರು 20 ಕೋಟಿ ಡಾಲರ್ ವೆಚ್ಚದಲ್ಲಿ 6.8 ಮೈಲಿ, ಅಂದರೆ 11 ಕಿಲೋಮೀಟರಿನ ಹೆಲ್ತ್‌ಲೈನ್ ಬಸ್ ಮಾರ್ಗ 2008ರ ಅಕ್ಟೋಬರಿನಲ್ಲಿ ಆರಂಭವಾಯಿತು. ಮಡಿಕೇರಿಯಿಂದ ಹೊರಟರೆ ಸುಂಟಿಕೊಪ್ಪ ಮುಟ್ಟುವ ಮೊದಲೇ ಮುಗಿದುಹೋಗುವಷ್ಟು ದೂರ.

ಬಸ್ಸಿಗೆ ರೈಲಿನ ಮರ್ಯಾದೆ ಎಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ಹೇಳಬೇಕು, ಏಕೆಂದರೆ ನಮ್ಮಲ್ಲಿ ಬಸ್ಸು ಎಂದರೆ ಬಡವರಿಗೆ ಕೊಟ್ಟ ರಿಯಾಯಿತಿ ಎಂಬ ಭಾವನೆ ಅಧಿಕಾರಿಗಳಲ್ಲೂ ಇದೆ, ಬಸ್ಸಿನಲ್ಲಿ ಓಡಾಡುವವರಲ್ಲೂ ಇದೆ. ಯೂಕ್ಲಿಡ್ ಬೀದಿಯ ಬಹುಭಾಗದಲ್ಲಿ ರಸ್ತೆಯ ನಟ್ಟನಡುವಿನ ಎರಡು ಪಥಗಳು ಬಸ್ಸಿಗೇ ಮೀಸಲು. ಕಾರುಗಳಿಗೆ ಎರಡೂ ಅಂಚಿನಲ್ಲಿ ಒಂದೊಂದು ಪಥ. ನಿಲ್ದಾಣವೂ ರಸ್ತೆಯ ಮಧ್ಯದಲ್ಲೇ ಇರುವುದರಿಂದ ಬಸ್ಸುಗಳಿಗೆ ಎಡಕ್ಕೂ ಬಲಕ್ಕೂ ಬಾಗಿಲುಗಳಿವೆ. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ಗಾಲಿಕುರ್ಚಿಯಲ್ಲಿ ಕುಳಿತ ಮುದುಕಿಯೊಬ್ಬರು ಯಾರ ಕೈಯನ್ನೂ ಹಿಡಿಯದೆ, ಯಾರನ್ನೂ ಕಾಯಿಸದೆ ತಾವೇ ಒಳಗೆ ಹೋದದ್ದನ್ನು ಕಂಡಾಗ, ನಮ್ಮ ಬಸ್ಸಿನ ಮೊದಲ ಮೆಟ್ಟಿಲಿಗೆ ಮೊಣಕಾಲು ಎತ್ತಲಾಗದೆ ಸೀರೆಯ ನೆರಿಗೆ ಹಿಡಿದು ನಿಲ್ಲುವ ಹೆಂಗಸರು ನೆನಪಾದರು. ಹಳೆಯ 6ನೇ ನಂಬರಿನ ಬಸ್ಸು ನಿಲ್ಲುತ್ತಿದ್ದ ಲೆಕ್ಕವಿಲ್ಲದಷ್ಟು ನಿಲುಗಡೆಗಳನ್ನು ಬಹಳ ಕಡಿಮೆ ಮಾಡಿದ್ದರಿಂದ ವೇಗ ಹೆಚ್ಚಿತು. ಇದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು, ಈ ಕಾಮಗಾರಿ ಡಾಂಬರಿನ ಅಂಚಿಗೆ ನಿಲ್ಲದೆ ಬೀದಿಯ ಒಂದು ಬದಿಯ ಕಟ್ಟಡದ ಗೋಡೆಯಿಂದ ಇನ್ನೊಂದು ಬದಿಯ ಗೋಡೆಯವರೆಗೆ ನಡೆದದ್ದು. ನೆಲದಡಿಯ ಕೊಳವೆ, ಕಾಲುದಾರಿ, ಮರ, ದೀಪ ಎಲ್ಲವೂ ಒಂದೇ ಯೋಜನೆಯೊಳಗೆ ಬಂದವು. ಹೊಸ ಡಾಂಬರು ಹಾಕಿದ ಮರುವಾರವೇ ನೀರಿನ ಪೈಪಿಗೆಂದು ಅಗೆಯುವುದನ್ನು ನೋಡಿ ಬೆಳೆದ ನಮಗೆ ಇದೊಂದು ವಿಸ್ಮಯವೇ.

ಆ ವ್ಯವಸ್ಥೆಗೂ ತೂತುಗಳಿವೆ. ಟಿಕೆಟನ್ನು ನಿಲ್ದಾಣದ ಯಂತ್ರದಲ್ಲಿ ಮೊದಲೇ ಕೊಂಡು ಯಾವ ಬಾಗಿಲಿನಿಂದಲಾದರೂ ಹತ್ತಬಹುದು ಎಂಬುದು ಮೂಲ ವಿನ್ಯಾಸ. ಸಮಯ ಉಳಿಯುವುದೇ ಅದರಿಂದ. ಟಿಕೆಟ್ ಇದೆಯೇ ಎಂದು ಪರಿಶೀಲಿಸುತ್ತಿದ್ದವರು ಪೊಲೀಸರು. ಯಾವ ಅನುಮಾನವೂ ಇಲ್ಲದೆ ಪ್ರಯಾಣಿಕರನ್ನು ಪೊಲೀಸರು ತಡೆದು ಟಿಕೆಟ್ ಕೇಳುವುದು ಸಂವಿಧಾನಕ್ಕೆ ವಿರುದ್ಧ ಎಂದು 2017ರಲ್ಲಿ ಸ್ಥಳೀಯ ನ್ಯಾಯಾಲಯ ತೀರ್ಪು ಕೊಟ್ಟ ಮೇಲೆ, ಮುಂದಿನ ಬಾಗಿಲಿನಲ್ಲಿ ಚಾಲಕನೆದುರು ಸಾಲುಗಟ್ಟಿ ಟಿಕೆಟ್ ತೋರಿಸುವ ಪದ್ಧತಿ ಬಂದು ಬಸ್ಸು ನಿಧಾನವಾಯಿತು. ಇಪ್ಪತ್ತು ಕೋಟಿ ಡಾಲರ್ ಸುರಿದು ಗಳಿಸಿದ ನಿಮಿಷಗಳನ್ನು ತಪಾಸಣೆಗೆ ಪೊಲೀಸರ ಬದಲು ಬೇರೆ ಸಿಬ್ಬಂದಿಯನ್ನು ಇಡದೆ ಕಳೆದುಕೊಂಡದ್ದು ನನಗೆ ಈಗಲೂ ಅರ್ಥವಾಗದ ಜಿಪುಣತನ. ನಮ್ಮಲ್ಲಿ 2023ರ ಜೂನಿನಿಂದ ಶಕ್ತಿ ಯೋಜನೆಯಡಿ ಹೆಂಗಸರ ಪ್ರಯಾಣ ಉಚಿತವಾದರೂ, ಶುಕ್ರವಾರದ ಮಡಿಕೇರಿ ಸಂತೆ ಮುಗಿಸಿ ಹೊರಟ ಬಸ್ಸಿನಲ್ಲಿ ಕಂಡಕ್ಟರು ಪ್ರತಿಯೊಬ್ಬರ ಆಧಾರ್ ನೋಡಿ ಶೂನ್ಯ ಮೊತ್ತದ ಟಿಕೆಟ್ ಹರಿದುಕೊಡಲೇಬೇಕು. ತರಕಾರಿ ಚೀಲಗಳ ಮೇಲೆ ಕಾಲಿಡಲು ಜಾಗ ಹುಡುಕುತ್ತಾ ಅವರು ಹಿಂದಿನ ಸೀಟು ಮುಟ್ಟುವ ಹೊತ್ತಿಗೆ ಮುಂದಿನವರು ಇಳಿಯುವ ಊರು ಬಂದಿರುತ್ತದೆ.

ಇನ್ನು ಹಣದ ವಿಷಯ. ಐಟಿಡಿಪಿ ಎಂಬ ಸಾರಿಗೆ ಸಂಶೋಧನಾ ಸಂಸ್ಥೆ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹೆಲ್ತ್‌ಲೈನಿನ ಉದ್ದಕ್ಕೂ 580 ಕೋಟಿ ಡಾಲರಿನ ಅಭಿವೃದ್ಧಿ ಆಗಿದ್ದು, ಬೀದಿಯ ಉಳಿದ ಕೆಲಸಗಳ ಖರ್ಚನ್ನು ಬಿಟ್ಟು ಸಾರಿಗೆಗಷ್ಟೇ ಹಾಕಿದ ಪ್ರತಿ ಡಾಲರಿಗೂ 114 ಡಾಲರಿಗಿಂತ ಹೆಚ್ಚು ಬಂಡವಾಳ ಬಂದಿದೆ. ಬಸ್ ಪಥದ ಪ್ರಸ್ತಾವ ಎಲ್ಲೇ ಬಂದರೂ ಪರ ಮಾತಾಡುವವರು ಮೊದಲು ಎತ್ತುವ ಅಂಕಿ ಇದು, ನಾನು ಇದನ್ನು ಪೂರ್ತಿ ಒಪ್ಪಲಾರೆ. ಆ 580 ಕೋಟಿಯಲ್ಲಿ ಆಸ್ಪತ್ರೆಗಳೂ ವಿದ್ಯಾಸಂಸ್ಥೆಗಳೂ ಕಟ್ಟಿಕೊಂಡ ಕಟ್ಟಡಗಳು ಸೇರಿವೆ. ದೇಶವಿದೇಶಗಳಿಂದ ಹೃದ್ರೋಗಿಗಳು ವಿಮಾನ ಹತ್ತಿ ಬರುವ ಆಸ್ಪತ್ರೆಯೊಂದು ಮನೆಬಾಗಿಲಿಗೆ ಒಳ್ಳೆಯ ಬಸ್ಸು ಬಂತೆಂದು ಹೊಸ ಕಟ್ಟಡ ಎಬ್ಬಿಸುವುದಿಲ್ಲ. ಬಸ್ಸು ಬರದಿದ್ದರೂ ಅದು ಬೆಳೆಯುತ್ತಿತ್ತು. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದಂತಾಗುತ್ತದೆ ಈ ಲೆಕ್ಕ. ನ್ಯಾಯವಾಗಿ ಹೇಳಬೇಕೆಂದರೆ ಆ ವರದಿಯೇ ಬಸ್ಸೋ ರೈಲೋ ಎಂಬುದಕ್ಕಿಂತ ಸರ್ಕಾರದ ಒತ್ತಾಸೆಯೂ ಜಾಗದ ಮಾರುಕಟ್ಟೆಯ ಶಕ್ತಿಯೂ ದೊಡ್ಡ ಕಾರಣಗಳೆಂದು ಹೇಳುತ್ತದೆ; ಪ್ರಚಾರಕರು ಅದನ್ನು ಬಿಟ್ಟು ಅಂಕಿಯನ್ನಷ್ಟೇ ಹೊತ್ತು ತಿರುಗುತ್ತಾರೆ.

ಬಸ್ಸೊಂದರಿಂದಲೇ ಬೀದಿ ಬದಲಾಗದು ಎಂಬುದಕ್ಕೆ ಸಾಕ್ಷಿ ಬೇಕಿದ್ದರೆ ಅದೇ ಬಸ್ಸಿನಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಬೇಕು. ಮಾರ್ಗ ಮುಗಿಯುವುದು ಈಸ್ಟ್ ಕ್ಲೀವ್‌ಲ್ಯಾಂಡ್ ಎಂಬ ಪ್ರತ್ಯೇಕ ಪುರಸಭೆಯ ವಿಂಡರ್‌ಮಿಯರಿನಲ್ಲಿ. ಆಸ್ಪತ್ರೆಯ ಗಾಜಿನ ಕಟ್ಟಡಗಳನ್ನು ದಾಟಿ ಸ್ವಲ್ಪ ಹೊತ್ತಿಗೆ ಕಿಟಕಿಗಳಿಗೆ ಹಲಗೆ ಹೊಡೆದ ಇಟ್ಟಿಗೆಯ ಮನೆಗಳು, ಚಾವಣಿ ಕುಸಿದ ಅಪಾರ್ಟ್‌ಮೆಂಟುಗಳು, ಹುಲ್ಲು ಬೆಳೆದ ನಿವೇಶನಗಳು ಸಾಲಾಗಿ ಬರುತ್ತವೆ. 1950ರಲ್ಲಿ 40 ಸಾವಿರದಷ್ಟು ಜನರಿದ್ದ ಆ ಊರಿನಲ್ಲಿ 2020ರ ಜನಗಣತಿಗೆ ಸಿಕ್ಕವರು 13,843. ಬಸ್ಸು ಅದೇ, ಟಿಕೆಟ್ಟೂ ಅದೇ. ಕ್ಲೀವ್‌ಲ್ಯಾಂಡಿನ ಮಿಡ್‌ಟೌನ್ ಭಾಗದಲ್ಲಿ ಕಟ್ಟಡ ಹೇಗಿರಬೇಕು, ಕಾರು ಎಲ್ಲಿ ನಿಲ್ಲಬೇಕು ಎಂದು ಹೇಳುವ ನಿಯಮಗಳಿದ್ದವು, ತೆರಿಗೆ ಬಾಕಿಗೆ ಬಂದ ಜಾಗಗಳನ್ನು ತನ್ನ ವಶಕ್ಕೆ ತೆಗೆದುಕೊಂಡು ಒಟ್ಟುಗೂಡಿಸುವ ನಗರದ ಭೂಬ್ಯಾಂಕ್ ಇತ್ತು, ಬೆನ್ನಿಗೆ ಶ್ರೀಮಂತ ಸಂಸ್ಥೆಗಳಿದ್ದವು. ಇವು ಯಾವುವೂ ಇಲ್ಲದ ಪುರಸಭೆಯ ಗಡಿ ದಾಟಿದ ಕೂಡಲೇ ಪವಾಡವೂ ನಿಂತುಬಿಟ್ಟಿತು.

ಈ ಬಸ್ಸಿಗೆ ದುಡ್ಡು ಕೊಟ್ಟವರು ಯಾರು ಎಂಬುದು ಇನ್ನೂ ಕುತೂಹಲದ್ದು. ಕಟ್ಟಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅನುದಾನ ದೊಡ್ಡ ಪಾಲು. ಓಡಿಸಲು ಬೇಕಾದ ಹಣದ ಬೆನ್ನೆಲುಬು, 1975ರಲ್ಲಿ ಕ್ಲೀವ್‌ಲ್ಯಾಂಡ್ ಇರುವ ಕಯಹೋಗಾ ಕೌಂಟಿಯ, ಅಂದರೆ ಜಿಲ್ಲೆಯ, ಮತದಾರರು ತಾವೇ ಒಪ್ಪಿ ಹಾಕಿಕೊಂಡ ಶೇ. 1ರ ಮಾರಾಟ ತೆರಿಗೆ. ಅಂದರೆ ಹಲಗೆ ಹೊಡೆದ ಮನೆಯ ಪಕ್ಕದಲ್ಲಿರುವವರು ಸೋಪು ಕೊಂಡರೂ ಅದರಲ್ಲೊಂದು ಪಾಲು ಬಸ್ಸಿಗೆ ಹೋಗುತ್ತದೆ. ಬಸ್ಸಿನಿಂದ ಬೆಲೆ ಏರಿದ ಜಾಗದವರು ಏನು ಕೊಟ್ಟರು? ದೊಡ್ಡ ಆಸ್ಪತ್ರೆಗಳು ಲಾಭರಹಿತ ಸಂಸ್ಥೆಗಳಾದ್ದರಿಂದ ಅವುಗಳ ಬಹುಪಾಲು ಆಸ್ತಿಗೆ ತೆರಿಗೆಯಿಲ್ಲ. ಹೊಸದಾಗಿ ಕಟ್ಟಿದ ಮನೆಗಳಿಗೆ ನಗರವೇ 15 ವರ್ಷಗಳ ತೆರಿಗೆ ವಿನಾಯಿತಿ ಕೊಡುತ್ತಾ ಬಂದಿದೆ. ಆಸ್ಪತ್ರೆಗಳು ಮಾರ್ಗಕ್ಕೆ ಹೆಸರಿಡುವ ಹಕ್ಕನ್ನು ಹಣ ಕೊಟ್ಟು ಕೊಂಡವು, ಹೆಲ್ತ್‌ಲೈನ್ ಎಂಬ ಹೆಸರು ಬಂದದ್ದೇ ಹಾಗೆ. ಏರಿದ ಬೆಲೆಯ ಎದುರು ಅದು ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆಸಿದಷ್ಟೇ. ಕುಸಿದ ಊರಿಗೆ ಬಂಡವಾಳ ಕರೆಯಬೇಕಾದಾಗ ವಿನಾಯಿತಿ ಕೊಡದೆ ಬೇರೆ ದಾರಿ ಇರಲಿಲ್ಲ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹದಿನೈದು ವರ್ಷ ಸಣ್ಣ ಅವಧಿಯಲ್ಲ, ಮತ್ತು ಓಹಾಯೋದಲ್ಲಿ ಆಸ್ತಿ ತೆರಿಗೆಯ ದೊಡ್ಡ ಪಾಲು ಹೋಗುವುದು ಶಾಲೆಗಳಿಗೆ.

ಇದೇ ಊರಿನ ಇನ್ನೊಂದು ಉತ್ತರ ಇದಕ್ಕಿಂತ ಹಳೆಯದು, ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದೂ ಅದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಓರಿಸ್ ಮತ್ತು ಮ್ಯಾಂಟಿಸ್ ವ್ಯಾನ್ ಸ್ವೆರಿಂಜೆನ್ ಎಂಬ ಅಣ್ಣತಮ್ಮಂದಿರು ನಗರದ ಪೂರ್ವದಲ್ಲಿ, ಷೇಕರ್ ಎಂಬ ಧಾರ್ಮಿಕ ಪಂಗಡದವರು 1889ರಲ್ಲಿ ಬಿಟ್ಟುಹೋದ ಎತ್ತರದ ಜಮೀನನ್ನು ಕೊಳ್ಳತೊಡಗಿದರು. ಸೈಟು ಮಾರಬೇಕಾದರೆ ಜನ ಪೇಟೆಗೆ ಹೋಗಿಬರಲು ದಾರಿ ಬೇಕು. ಟ್ರಾಮ್ ಕಂಪನಿಯನ್ನು ಕಾದು ಕೂರುವ ಬದಲು ತಾವೇ ರೈಲು ಹಾಕಲು ಹೊರಟರು. ಪೇಟೆಯೊಳಗೆ ಹಳಿ ತರಲು ಬೇಕಾದ ಜಾಗ ನಿಕಲ್ ಪ್ಲೇಟ್ ಎಂಬ ರೈಲು ಕಂಪನಿಯ ಕೈಯಲ್ಲಿದ್ದುದರಿಂದ 1916ರಲ್ಲಿ ಆ ಇಡೀ ಕಂಪನಿಯನ್ನೇ ಕೊಂಡರು. ಸೈಟು ಮಾರಲು ಹೋಗಿ ರೈಲ್ವೆ ಕಂಪನಿಯ ಯಜಮಾನರಾದ ಕಥೆ ಬೇರೆಲ್ಲೂ ಹೆಚ್ಚಿರಲಾರದು. 1920ರಲ್ಲಿ ಷೇಕರ್ ಹೈಟ್ಸಿನಿಂದ ಪೇಟೆಗೆ ರ‍್ಯಾಪಿಡ್ ಎಂಬ ವಿದ್ಯುತ್ ರೈಲು ಓಡಿತು. ಹಳಿಯ ಪಕ್ಕದಲ್ಲಿ ಅಂಗಡಿಗಳು ಸುತ್ತುವರಿದ ಷೇಕರ್ ಸ್ಕ್ವೇರ್ ಎದ್ದಿತು. ಪೇಟೆಯ ತುದಿಯಲ್ಲಿ 1930ರಲ್ಲಿ 52 ಮಹಡಿಗಳ ಟರ್ಮಿನಲ್ ಟವರ್ ಉದ್ಘಾಟನೆಯಾಯಿತು. ನ್ಯೂಯಾರ್ಕನ್ನು ಬಿಟ್ಟರೆ 1964ರವರೆಗೂ ಉತ್ತರ ಅಮೆರಿಕದಲ್ಲಿ ಅದಕ್ಕಿಂತ ಎತ್ತರದ ಕಟ್ಟಡವಿರಲಿಲ್ಲ, ಅದರ ಬುಡದಲ್ಲಿ ಇಂದಿಗೂ ರೈಲು ನಿಲ್ಲುತ್ತದೆ. ಈಗ ಯೋಜನಾ ತಜ್ಞರು ಸಾರಿಗೆ ಆಧಾರಿತ ಅಭಿವೃದ್ಧಿ ಎಂದು ಕರೆಯುವುದನ್ನು ಆ ಹೆಸರು ಹುಟ್ಟುವ ಎಷ್ಟೋ ಮೊದಲು ಇಬ್ಬರು ಸೈಟು ವ್ಯಾಪಾರಿಗಳು ಮಾಡಿ ಮುಗಿಸಿದ್ದರು. ಲೆಕ್ಕ ಸರಳವಾಗಿತ್ತು: ಜಾಗದ ಬೆಲೆ ಏರಿಕೆಯೇ ರೈಲಿನ ಖರ್ಚನ್ನು ಹೊತ್ತಿತು.

ಆ ಲೆಕ್ಕಕ್ಕೆ ಕರಾಳ ಮುಖವೂ ಇತ್ತು. ಷೇಕರ್ ಹೈಟ್ಸಿನ ಕ್ರಯಪತ್ರಗಳಲ್ಲಿ ಸೈಟನ್ನು ಮರುಮಾರಾಟ ಮಾಡಲು ಕಂಪನಿಯ ಒಪ್ಪಿಗೆ ಬೇಕೆಂಬಂಥ ಷರತ್ತುಗಳಿದ್ದು, ಕರಿಯರನ್ನೂ ಯಹೂದಿಗಳನ್ನೂ ಹೊರಗಿಡಲು ಅವು ಬಳಕೆಯಾದವು. ಬೇರೆಯವರ ಹಣದ ಮೇಲೆ ಕಟ್ಟಿದ ಸಾಮ್ರಾಜ್ಯ ಮಹಾ ಆರ್ಥಿಕ ಕುಸಿತದಲ್ಲಿ ಮುಳುಗಿತು. ತಮ್ಮ 1935ರಲ್ಲಿ, ಅಣ್ಣ 1936ರಲ್ಲಿ ತೀರಿಕೊಂಡರು. ರೈಲನ್ನು 1944ರಲ್ಲಿ ಷೇಕರ್ ಹೈಟ್ಸ್ ಪುರಸಭೆ ಕೊಂಡಿತು, 1975ರಲ್ಲಿ ಅದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಸೇರಿತು. ಷೇಕರ್ ಸ್ಕ್ವೇರ್ ಸೊರಗಿದಾಗ 2022ರಲ್ಲಿ ನಗರದ ಸಾಲದ ನೆರವಿನಿಂದ ಅದನ್ನು ಉಳಿಸಿಕೊಂಡದ್ದು ಲಾಭರಹಿತ ಸಂಸ್ಥೆಗಳು. ಖಾಸಗಿಯವರ ಕೈಗೆ ರೈಲು ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ಈ ಕಥೆಯಿಂದ ಯಾರೂ ಹೇಳಬಾರದು. ನನಗೆ ಇದರಲ್ಲಿ ಬೇಕಾದದ್ದು ಒಂದೇ ಅಂಶ: ಸಾರಿಗೆ ಮತ್ತು ಅದರ ಪಕ್ಕದ ಜಾಗ ಒಂದೇ ಖಾತೆಯಲ್ಲಿದ್ದವು. ಯೂಕ್ಲಿಡ್ ಬೀದಿಯಲ್ಲಿ ಖರ್ಚಿನ ಖಾತೆ ಸಾರ್ವಜನಿಕರದು, ಲಾಭದ ಖಾತೆ ಬೇರೆಯವರದು.

ಕೊಡಗಿಗೆ ಬಂದರೆ ಜಾಗದ ಪ್ರಶ್ನೆ ಇನ್ನೂ ಬಿಗಿ. ಮಡಿಕೇರಿ ಬೆಟ್ಟದ ಬೆನ್ನಿನ ಮೇಲಿರುವ ಊರು. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ ಇಳಿಜಾರಿನಲ್ಲಿ ಹೆಚ್ಚು ಮಹಡಿ, ಹೆಚ್ಚು ಜನ ಎಂಬ ಮಾತನ್ನು ಯಾರೂ ಹಗುರವಾಗಿ ಆಡಲಾರರು. ಸಮತಟ್ಟು ಇರುವ ಕುಶಾಲನಗರದತ್ತ ಬೆಳವಣಿಗೆ ಇಳಿಯುತ್ತಿದೆ, ಅಲ್ಲಿ ಕಾವೇರಿಯ ದಂಡೆಯ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತು. ಮೇಲೆ ಹೋದರೆ ಗುಡ್ಡ, ಕೆಳಗಿಳಿದರೆ ಹೊಳೆ. ಕಟ್ಟಲು ಯೋಗ್ಯವಾದ ಒಣ ಸಮತಟ್ಟು ಜಾಗ ನಿಜವಾಗಿ ಎಷ್ಟು ಕಡಿಮೆ ಎಂಬುದು ಇದರಿಂದ ಗೊತ್ತಾಗುತ್ತದೆ, ಮತ್ತು ರೈಲು ಎಂದಾದರೂ ಬಂದರೆ ಸ್ಟೇಷನ್ನೂ ಅದೇ ಜಾಗವನ್ನು ಕೇಳುತ್ತದೆ. ಸಾಲ ತೀರಿಸಲಾಗದೆ ಕೂತ ಕ್ಲೀವ್‌ಲ್ಯಾಂಡಿಗೆ ಬಂಡವಾಳವನ್ನು ಬೇಡಿ ಕರೆಯಬೇಕಿತ್ತು. ರೆಸಾರ್ಟು, ಹೋಂಸ್ಟೇ, ಬಡಾವಣೆಗಳಿಗೆಂದು ಬಂಡವಾಳ ತಾನಾಗಿಯೇ ಬಂದು ಬೀಳುತ್ತಿರುವ ಇಲ್ಲಿ ವಿನಾಯಿತಿ ಕೊಡುವ ಯಾವ ಕಾರಣವೂ ಕಾಣುವುದಿಲ್ಲ.

ಆದ್ದರಿಂದ ಸ್ಟೇಷನ್ನಿನ ಜಾಗ ಯಾವುದೆಂದು ಇಲಾಖೆ ಬಾಯಿ ಬಿಡುವ ಮೊದಲೇ ಕೆಲವು ಕೆಲಸಗಳು ಆಗಬೇಕೆಂದು ನನ್ನ ಅಭಿಪ್ರಾಯ. ಅದರ ಸುತ್ತ ನಡೆದು ಹೋಗುವಷ್ಟು ದೂರದೊಳಗಿನ ಜಮೀನಿನಲ್ಲಿ ಭೂಪರಿವರ್ತನೆಯನ್ನು ಮಾರ್ಗ ನಿಶ್ಚಯವಾಗುವವರೆಗೆ ತಡೆಹಿಡಿಯಬಹುದು. ಹಳಿಗೆ ಎಷ್ಟು ಬೇಕೋ ಅಷ್ಟನ್ನೇ ಸ್ವಾಧೀನಪಡಿಸಿಕೊಳ್ಳುವ ಬದಲು ಬಸ್ ನಿಲ್ದಾಣ, ಸಂತೆ ಕಟ್ಟೆ, ತೋಟದ ಕಾರ್ಮಿಕರಿಗೂ ಆಸ್ಪತ್ರೆಯ ನರ್ಸುಗಳಿಗೂ ಕೈಗೆಟುಕುವ ಬಾಡಿಗೆ ಮನೆಗಳಿಗೆಂದು ಇನ್ನಷ್ಟು ಜಾಗವನ್ನು ಹಳೆಯ ಬೆಲೆ ಇರುವಾಗಲೇ, ಮಾಲೀಕರಿಗೆ ನ್ಯಾಯವಾದ ಪರಿಹಾರ ಕೊಟ್ಟು, ಸಾರ್ವಜನಿಕರ ಹೆಸರಿಗೆ ತೆಗೆದುಕೊಳ್ಳಬಹುದು. ಆ ಜಾಗವನ್ನು ಮಾರದೆ ಗುತ್ತಿಗೆಗೆ ಕೊಟ್ಟರೆ ವರ್ಷವರ್ಷವೂ ಬರುವ ಹಣದಿಂದ ಸೋಮವಾರಪೇಟೆ, ಸಿದ್ದಾಪುರ, ವಿರಾಜಪೇಟೆಗಳಿಂದ ರೈಲಿನ ಹೊತ್ತಿಗೆ ಹೊಂದುವ ಬಸ್ಸುಗಳನ್ನು ಓಡಿಸಬಹುದು. ಸುಧಾರಣೆಯಿಂದ ಬೆಲೆ ಏರಿದ ಜಮೀನಿನಿಂದ ಶುಲ್ಕ ಪಡೆಯುವ ಅವಕಾಶ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲೇ ಇದೆ, ಹೊಸ ಕಾನೂನು ಬೇಕಾಗಿಲ್ಲ. ರೈಲು ಬೇಕೆಂದು ಕೊಟ್ಟ ಮನವಿಪತ್ರಗಳನ್ನೂ, ಬೇಡವೆಂದು ಕೊಟ್ಟವನ್ನೂ ಸಿಕ್ಕಷ್ಟು ಓದಿದ್ದೇನೆ. ಈ ಯಾವ ಬೇಡಿಕೆಯೂ ಅವುಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.